ದೇವರ ಸಲುವಾಗಿ ತಿರುಗಿದ ಬಸ್ಸು

ರೈಸ್ ಮಿಲ್ಲುಗಳ ಮೋಟಾರು ರಿಪೇರಿ ನನ್ನ ಕೆಲಸ. ರಂಜಾನಿನ ಒಂದು ಮಧ್ಯಾಹ್ನ ಮಾನ್ವಿಯಿಂದ ದೇವದುರ್ಗಕ್ಕೆ ಹೊರಟಿದ್ದೆ. ಪಕ್ಕದ ಸೀಟಿನ ಹಿರಿಯರು ಶೇಂಗಾ ಕೊಟ್ಟರು. ರೋಜಾ ಇದ್ದೇನೆ, ಬೇಡ ಎಂದೆ.

ಸಿರವಾರದಲ್ಲಿ ಬಸ್ಸು ಊಟಕ್ಕೆ ನಿಂತಾಗ ಅವರು ಕೊರಳಿನ ಲಿಂಗ ಬಿಚ್ಚಿ, ವಸ್ತ್ರದಲ್ಲಿ ಸುತ್ತಿ ನನ್ನ ಮುಂದೆ ಹಿಡಿದರು.

"ಸ್ವಲ್ಪ ಹಿಡಕೋರಿ. ಮಟನ್ ವಾಸನಿ ಬರಾಕತ್ತದ, ಮನಸು ತಡೀವಲ್ದು. ದೇವರನ್ನ ಅಲ್ಲಿಗೆ ಕರಕೊಂಡು ಹೋಗಬಾರದು."

"ನಾವು ಮುಸಲ್ಮಾನರು ಅದೀವ್ರಿ ಯಪ್ಪಾ."

"ಗೊತ್ತದ. ಈ ಬಸ್ಸಿನ್ಯಾಗ ಉಪವಾಸ ಇದ್ದವರು ನೀವೊಬ್ಬರೇ."

ಬೊಗಸೆಯಲ್ಲಿ ಹಿಡಿದು ಕೂತೆ. ಅವರು ಬರುವ ಮೊದಲೇ ಬಸ್ಸು ಹೊರಟಿತು. ನಾನು ಕೂಗಿದರೆ ಕಂಡಕ್ಟರ್, "ಟೈಮಿಗೆ ಬರಲಿಲ್ಲಂದ್ರ ನಾವೇನು ಮಾಡೂಣ್ರಿ" ಅಂದ. ಕೈಯಲ್ಲಿದ್ದದ್ದನ್ನು ಅವನ ಕಡೆ ಚಾಚಿದೆ. ಎರಡು ಹೆಜ್ಜೆ ಹಿಂದೆ ಸರಿದ. "ನಾ ಈಗರೇ ತತ್ತಿ ತಿಂದು ಬಂದೀನಿ."

ಡ್ರೈವರ್ ಕನ್ನಡಿಯಲ್ಲಿ ನೋಡಿ ಬ್ರೇಕ್ ಹಾಕಿದ. "ಮನಿಷಾ ಅಷ್ಟೇ ಉಳಿದಿದ್ರ ಹೋಗ್ತಿದ್ದೆ. ದೇವರನ್ನ ಅಗಲಿಸಿದ ಪಾಪ ನನಗ ಬ್ಯಾಡಪಾ." ಜನ ತುಂಬಿದ ಬಸ್ಸನ್ನು ಹಾಗೇ ವಾಪಸ್ ತಿರುಗಿಸಿದ.

ಹಿರಿಯರು ಹೋಟೆಲಿನಲ್ಲಿ ಎಲುಬು ಚೀಪುತ್ತ ಕೂತಿದ್ದರು. ಬಸ್ಸು ಹೋಗಿದ್ದೇ ಅವರಿಗೆ ಗೊತ್ತಿರಲಿಲ್ಲ. ಲಿಂಗ ಹಿಡಿದು ಬಾಗಿಲ ಹೊರಗೇ ನಿಂತು ನಡೆದದ್ದು ಹೇಳಿದೆ. ಅವರ ಕಣ್ಣು ತುಂಬಿ ಬಂತು.

"ನೋಡ್ರಿ, ನಾ ಬಿಟ್ರೂ ಅವ ನನ್ನ ಬಿಡಲಿಲ್ಲ."

ಮುಂಗೈಯಿಂದ ಕಣ್ಣೊರೆಸಿಕೊಂಡು ತಟ್ಟೆಯ ಕಡೆ ನೋಡಿದರು. "ಇನ್ನೊಂದ್ ಸ್ವಲ್ಪ ಹಿಡಕೋರಿ. ಎರಡು ತುಂಡು ಉಳಿದಾವ."

ಡ್ರೈವರ್ ಎಂಜಿನ್ ಆಫ್ ಮಾಡಿದ. ದೇವರೇ ಕಾಯುತ್ತಿರುವಾಗ ಹಾರ್ನ್ ಹೊಡೆಯುವ ಧೈರ್ಯ ಯಾರಿಗಿದೆ.