ಓಟ ಮುಗಿದ ಮೇಲಿನ ಹೆಸರು

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಓಬವ್ವ, ಮಾಗಿಯ ಚಳಿ ಬಿಡಿಸಲೆಂದು ಪ್ರತಿವರ್ಷ ಹೆಂಗಸರಿಗೆ ಓಟ ಇಡುತ್ತಾಳೆ. ತಲೆಯ ಮೇಲೆ ಆಳೆತ್ತರದ ಮಂಡಕ್ಕಿ ಚೀಲ ಹೊತ್ತು ಓಡಬೇಕು. ಭಾರವಿಲ್ಲ, ಆದರೆ ಗಾಳಿ ಬೀಸಿದರೆ ಚೀಲವೇ ಹೆಂಗಸನ್ನು ಎಳೆದೊಯ್ಯುತ್ತದೆ.

ಈ ಸಲ ಓಟ ಮುಗಿದಾಗ ಮೊಮ್ಮಗಳು ಭವ್ಯಾ ಮೊಬೈಲಿನಲ್ಲಿ ಹಿಮದಾಟ ತೋರಿಸಿದಳು. "ಅಜ್ಜಿ, ನೂರು ವರ್ಷದ ಹಿಂದೆ ಫ್ರಾನ್ಸ್‌ನಾಗೆ ಇದನ್ನ ಬರೀ ಚಳಿಗಾಲದ ಆಟದ ವಾರ ಅಂತ ನಡೆಸಿದ್ರಂತೆ. ಮೊದಲ ಚಳಿಗಾಲದ ಒಲಿಂಪಿಕ್ಸ್ ಅಂತ ಕರೆದಿದ್ದು ಆಮೇಲಂತೆ."

"ಶ್ಯಾಣೇರು! ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಲಿಲ್ಲ," ಎಂದ ಓಬವ್ವ ಚಹಾದ ಲೋಟ ಕೆಳಗಿಟ್ಟಳು. "ನಮ್ಮ ಓಟಕ್ಕೂ ಈಗ ಒಲಿಂಪಿಕ್ಸ್ ಅಂತ ಹೆಸರಿಡು. ಮೊದಲನೇ ವರ್ಷದ್ದನ್ನೂ ಸೇರಿಸು."

"ಮೊದಲನೇ ವರ್ಷ ಯಾರು ಗೆದ್ದಿದ್ರು?"

ಓಬವ್ವ ಗತ್ತಿನಿಂದ ಸೆರಗು ಸರಿಮಾಡಿಕೊಂಡಳು. "ನಾನೇ. ಆ ವರ್ಷ ಬ್ಯಾರೆ ಯಾರೂ ಓಡಲಿಲ್ಲ."