ಕಿಟಕಿ ಹೊರಗಿನ ಜೋಡಿ

"ಗಂಗಿ, ನೀ ಎದ್ದು ಹೊರಗ ನಿಂದ್ರು. ಗೋರಾ ಸಾಹೇಬರ ಮುಂದ ಸಿದ್ದಿ ಹುಡುಗಿ ಇಕಿ ಸಮಾ ಚಾಪಿ ಮ್ಯಾಲ ಕುಂತ್ರ ಮಂದಿ ಏನಂದಾರು?" ಅಂದ್ರು ಮಾಸ್ತರು, ನನ್ನ ಕಡಿ ಕೈ ಮಾಡಿ.

ಸಾಲಿ ನೋಡಾಕ ಬಂದ ಸಾಹೇಬರ ಮೋಟಾರು ಆಗಲೇ ಹಳಿಯಾಳದ ನಮ್ಮ ಸಾಲಿ ಮುಂದ ನಿಂತಿತ್ತು. ನನ್ನ ಗೆಳತಿ ಗಂಗಿ ಮತ್ತ ನನ್ನ ನಡುವ ಇದ್ದ ಕಟ್ಟಿಗಿ ತರಂಗಾ ವಾದ್ಯ ಅಕಿ ಅಪ್ಪ ಸಾಗವಾನಿ ಪಟ್ಟಿ ಕೆತ್ತಿ ಮಾಡಿದ್ದು. ಎದುರಾಬದುರಾ ಕುಂತು ನಾಕು ಕೋಲಿಲೆ ಬಾರಿಸಬೇಕು. ನಾ ಒಂದು ಬಡದ್ರ, ಆ ಸಂದಿನ್ಯಾಗ ಅಕಿ ಎರಡು ಬಡೀಬೇಕು. ಒಂಚೂರು ತಪ್ಪಿದ್ರ ಕೋಲಿಗೆ ಕೋಲು ತಾಗತಿತ್ತು. ಮೂರು ತಿಂಗಳು ಕೈ ಬಾವು ಬರೂಮಟಾ ಕಲ್ತಿದ್ವಿ.

ಗಂಗಿ ಎದ್ದು ಹ್ವಾದ್ಲು. ನಾ ಒಬ್ಬಾಕೇ ಸುರು ಮಾಡಿದ್ನಿ, ಅಕಿ ಸಂದು ಖಾಲಿ ಬಿಟ್ಟು. ಅಷ್ಟರಾಗ ಕಿಟಕಿ ಚೌಕಟ್ಟಿನ ಮ್ಯಾಲ ಟಕಟಕ ಅಂತ ಕೇಳಿಸ್ತು. ಹೊರಗ ನಿಂತ ಗಂಗಿ ಬೆರಳ ಗಂಟಿಲೆ ತನ್ನ ಪಾಲು ಬಾರಿಸಾಕತ್ತಿದ್ಲು. ಒಂದೂ ತಪ್ಪಲಿಲ್ಲ. ಸಾಹೇಬರು ಚಪ್ಪಾಳಿ ಹೊಡದು ನನಗ ಕೆಂಪು ರಿಬ್ಬನ್ ಕೊಟ್ರು. ನಾ ಕಿಟಕಿ ಕಡಿ ಬೆನ್ನು ಮಾಡಿದ್ನಿ. ಅಲ್ಲೇ ಜಡಿಗೆ ಕಟ್ಟಿಕೊಂಡ್ನಿ.

"ಸಾಹೇಬರ ಕೆಂಪು ಬಾಲ ಚಂದ ಕಾಣಸ್ತದವಾ" ಅಂದ್ಲು ಗಂಗಿ. "ಇನ್ನ ಮ್ಯಾಲ ಒಬ್ಬಾಕೇ ಬಾರಸ್ಕೋ." ಅಪ್ಪನ ತರಂಗಾ ತಲಿ ಮ್ಯಾಲ ಹೊತ್ಕೊಂಡು ನಡದ್ಲು. ಮತ್ತ ಸಾಲಿಗೆ ಬರಲಿಲ್ಲ.

ಮೊನ್ನಿ ಮೊಮ್ಮಗಳು ಫೋನಿನ್ಯಾಗ ಇಬ್ಬರು ಮರಿಂಬಾ ಅನ್ನೋ ದೊಡ್ಡ ಕಟ್ಟಿಗಿ ವಾದ್ಯ ಬಾರ್ಸೂದು ತೋರಿಸಿದ್ಲು, ಗಂಗಿ ನೆನಪಾದ್ಲು. ಟೈಪ್ ಮಾಡೂದು ಈಗ ಕಲ್ತೇನಿ, ಅದಕ್ಕ ಇದನ್ನ ಬರದ್ನಿ. ಅಕ್ಷರ ತಪ್ಪಿದ್ರ ಅದು ಬೆರಳಿನ ತಪ್ಪು. ಅವತ್ತು ಸುಮ್ಮನ ಕುಂತದ್ದು ನಂದ ತಪ್ಪು.