ಮೂರನೆಯ ಭಾನುವಾರದ ತಕರಾರು

ಗದಗ ಹೊಸ ಜಿಲ್ಲೆಯಾಗಿ ಒಂದೂವರೆ ವರ್ಷವಾಗಿತ್ತು. ಮುಂಡರಗಿಯಲ್ಲಿ ನಾಲ್ಕು ವರ್ಷ ಸೇವೆ ಮಾಡಿದ ಮೇಲೆ ನನ್ನನ್ನು ಬೆಟಗೇರಿಯ ಒಂದು ಸಭೆಗೆ ಪಾಸ್ಟರಾಗಿ ವರ್ಗ ಮಾಡಿದ್ದರು. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಚದುರಿದ್ದ ಕೆಲವು ಕ್ರೈಸ್ತ ಮನೆಗಳೂ ನನ್ನ ಪಾಲಿಗೇ ಬಂದಿದ್ದವು. ಭಾನುವಾರ ಬೆಟಗೇರಿಯಲ್ಲಿ ಆರಾಧನೆ, ವಾರದ ನಡುವೆ ಬಸ್ಸು ಹತ್ತಿ ಊರೂರು ಸುತ್ತುವುದು. ಕೆಲಸ ನನಗೆ ಬರುತ್ತದೆ ಎಂಬ ಧೈರ್ಯ ಆಗ ಬೇಕಾದಷ್ಟಿತ್ತು. ಬೇಕಾದ್ದಕ್ಕಿಂತ ತುಸು ಹೆಚ್ಚೇ ಇತ್ತು ಅನ್ನಿ.

ನಮ್ಮಲ್ಲಿ ಮದುವೆಗೆ ಮುಂಚೆ ‘ಪ್ರಕಟಣೆ’ ಎಂಬುದೊಂದು ಆಗಬೇಕು. ಇಂಥವರ ಮಗ, ಇಂಥವರ ಮಗಳು ಮದುವೆಯಾಗಲಿದ್ದಾರೆ, ಯಾರದಾದರೂ ತಕರಾರಿದ್ದರೆ ತಿಳಿಸಿ ಎಂದು ಪಾಸ್ಟರು ಮೂರು ಭಾನುವಾರ ಸಭೆಯ ಮುಂದೆ ಓದಬೇಕು. ಓದಲಿಕ್ಕೆ ಬೇಕಾದ ಚೀಟಿಯನ್ನು ಗಂಡಿನ ತಂದೆಯೇ ಪಾಸ್ಟರ ಮನೆಗೆ ತಂದುಕೊಡುವುದು ಬೆಟಗೇರಿಯ ರೂಢಿ. ಯಾವ ನಿಯಮದಲ್ಲೂ ಹಾಗೆ ಬರೆದಿಲ್ಲ. ಆದರೂ ಆ ದಿನ ಅಪ್ಪಂದಿರು ಒಗೆದ ಬಟ್ಟೆ ಹಾಕಿಕೊಂಡು, ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದು, ಚಹಾ ಕುಡಿದು, ಚೀಟಿ ಕೊಟ್ಟು ಹೋಗುತ್ತಿದ್ದರು.

ಪ್ರಭಾಕರ ಒಬ್ಬನೇ ಬಂದ. ಇಪ್ಪತ್ತೇಳರ ಹುಡುಗ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಡ್ಯೂಟಿಯ ನಡುವೆ ಬಂದಿದ್ದರಿಂದ ಖಾಕಿ ಅಂಗಿಯಲ್ಲೇ ಇದ್ದ. ಹುಡುಗಿ ಮುಂಡರಗಿಯ ಸುಗುಣಾ, ನನ್ನ ಹಳೆಯ ಸಭೆಯವಳೇ. ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಹತ್ತಿರವಿದ್ದವು. ಆಗ ನಮ್ಮಲ್ಲಿ ಮದುವೆ ಮಾಡುವುದಿಲ್ಲ. ಮೂರು ಭಾನುವಾರ ಓದಿ, ಮೂರನೆಯದರ ಮುಂದಿನ ಗುರುವಾರ ಮದುವೆ ಮುಗಿಸದಿದ್ದರೆ ಈಸ್ಟರ್ ಕಳೆಯುವವರೆಗೆ ಕಾಯಬೇಕಿತ್ತು. ಚೀಟಿ ನೋಡಿದೆ, ಹೆಸರು, ವಯಸ್ಸು ಎಲ್ಲ ಸರಿಯಾಗಿತ್ತು. “ನಿಮ್ಮಪ್ಪ?” ಎಂದು ಕೇಳುವ ಮಾತು ನಾಲಗೆಯ ತುದಿಗೆ ಬಂದಿತ್ತು. ನನಗೆ ಶಿರಹಟ್ಟಿ ಬಸ್ಸಿಗೆ ಹೊತ್ತಾಗಿತ್ತು. ಹುಡುಗ ಚುರುಕಾಗಿದ್ದಾನೆ ಎಂದು ಮೆಚ್ಚಿಕೊಂಡೇ ಚೀಟಿ ಇಸಿದುಕೊಂಡೆ.

ಮೊದಲ ಭಾನುವಾರ “ಬೆಟಗೇರಿಯ ಯೋಹಾನಪ್ಪನವರ ಮಗ ಪ್ರಭಾಕರ” ಎಂದು ಓದಿದೆ. ಯೋಹಾನಪ್ಪ ನೇಕಾರರು, ಹೆಚ್ಚು ಮಾತಿನವರಲ್ಲ. ಮಗನಿಗೆ ಒಂಬತ್ತು ವರ್ಷವಿದ್ದಾಗ ಹೆಂಡತಿ ತೀರಿಕೊಂಡಿದ್ದಳು. ಮಗ್ಗದ ಕೆಲಸ ಮಾಡುತ್ತಲೇ ರೊಟ್ಟಿ ಬಡಿದು ಹಾಕಿ ಮಗನನ್ನು ಬೆಳೆಸಿದವರು. ಕಿಟಕಿಯ ಬದಿಯ ಬೆಂಚಿನಲ್ಲಿ ತಲೆ ಬಗ್ಗಿಸಿ ಕುಳಿತಿದ್ದರು. ಎರಡನೆಯ ಭಾನುವಾರವೂ ಹಾಗೆಯೇ.

ಮೂರನೆಯ ಭಾನುವಾರ, ತಕರಾರಿದ್ದವರು ತಿಳಿಸಬೇಕು ಎಂದು ಓದಿ ಮುಗಿಸುವಷ್ಟರಲ್ಲಿ ಯೋಹಾನಪ್ಪ ಎದ್ದು ನಿಂತರು.

“ನಂದೈತ್ರಿ ತಕರಾರು.”

ಇಡೀ ಸಭೆ ಅತ್ತ ತಿರುಗಿತು. ಅಷ್ಟು ವರ್ಷಗಳ ಸೇವೆಯಲ್ಲಿ ಪ್ರಕಟಣೆಗೆ ಯಾರೂ ಎದ್ದು ನಿಂತದ್ದನ್ನು ನಾನು ಕಂಡಿರಲಿಲ್ಲ. ಅದೂ ಗಂಡಿನ ತಂದೆಯೇ! ಆರಾಧನೆ ಹೇಗೆ ಮುಗಿಸಿದೆನೋ ದೇವರಿಗೇ ಗೊತ್ತು. ಅಪ್ಪ, ಮಗ, ಮುಂಡರಗಿಯಿಂದ ಬಂದಿದ್ದ ಹುಡುಗಿಯ ಸೋದರಮಾವ ಸತ್ಯಪ್ಪ, ಈ ಮೂವರನ್ನೂ ಚರ್ಚಿನ ಪಕ್ಕದ ಕೋಣೆಗೆ ಕರೆದೆ.

“ಹುಡುಗಿ ಮನಸ್ಸಿಗೆ ಬಂದಿಲ್ಲೇನ್ರಿ?” ಎಂದು ಯೋಹಾನಪ್ಪನವರನ್ನು ಕೇಳಿದೆ.

“ಹುಡುಗಿ ಬಂಗಾರದಂಥಾಕಿ ಅದಾಳ್ರಿ. ನಾನ ನೋಡಿ ಬಂದೇನಿ.”

“ಮತ್ತ್ಯಾಕ ನಿಂತ್ರಿ?”

ಅವರು ಮಗನ ಕಡೆ ನೋಡಲಿಲ್ಲ. “ನನ್ನ ಮಗನ ಮದವಿ ಖಬರ ನಾನು ಬೆಂಚಿನ ಮ್ಯಾಲೆ ಕುಂತು ಕೇಳಿದೆರಿ, ಊರ ಮಂದಿ ಕೇಳಿಧಂಗ. ಎರಡು ವಾರ ಇಂವಾ ತಾನ ಬಂದು ಹೇಳ್ಯಾನು ಅಂತ ಕಾದೆ. ಖರ್ಚಿಗೆ ರೊಕ್ಕಾ ಹೊಂದಿದ ಕೂಡ್ಲೆ ನಿಮ್ಮ ಮನಿಗೆ ಚೀಟಿ ತರಾಕ ಅಂತ ಕೋಟು ಒಗಿಸಿ ಇಸ್ತ್ರಿ ಮಾಡಿಸಿ ಇಟ್ಟಿದ್ದೆ.”

ಪ್ರಭಾಕರ ತಡೆಯಲಾರದೆ ಹೇಳಿದ: “ಎರಡು ತಿಂಗಳಾತ್ರಿ ಪಾಸ್ಟರ್. ಯಾವಾಗ ಕೇಳಿದ್ರೂ ‘ನೋಡೂಣು’ ಅಂತಾನ. ಲೆಂಟ್ ಬಂತು. ನನಗೂ ಇಪ್ಪತ್ತೇಳಾತು, ಇನ್ನೂ ಅಪ್ಪನ್ನ ಕೇಳಿ ಹೆಜ್ಜಿ ಇಡಬೇಕೇನ್ರಿ?”

ಸತ್ಯಪ್ಪನವರ ಮುಖ ಬಿಗಿಯಿತು. “ಬೀಗರು ಹೂಂ ಅಂದಾರ ಅಂತ ಈ ಹುಡುಗನ ಹೇಳಿದ್ದ್ರಿ. ಚಪ್ಪರ ಹಾಕೇವಿ, ಬೀಗರು ಬಿಜ್ಜರಿಗೆಲ್ಲಾ ಹೇಳೇವಿ. ಗುರುವಾರ ಮದವಿ ನಿಂತ್ರ ನಾವು ಮುಖಾ ಎಲ್ಲಿ ಇಡೂಣು?”

ಕಾನೂನು ನನಗೆ ಗೊತ್ತಿತ್ತು. ಮೊದಲೇ ಮದುವೆಯಾಗಿದೆ, ವಯಸ್ಸು ಸಾಲದು, ಹತ್ತಿರದ ರಕ್ತಸಂಬಂಧವಿದೆ, ಇಂಥವು ತಕರಾರಿಗೆ ಆಧಾರ. ‘ನನ್ನನ್ನು ಕೇಳಲಿಲ್ಲ’ ಎಂಬುದು ಆಧಾರವೇ ಅಲ್ಲ. ವಯಸ್ಸಿಗೆ ಬಂದ ಮಗನಿಗೆ ತಂದೆಯ ಒಪ್ಪಿಗೆ ಬೇಕಾಗಿಲ್ಲ. ತಕರಾರು ತಳ್ಳಿಹಾಕಿ ಗುರುವಾರ ಮದುವೆ ಮಾಡಿಸಿದ್ದರೆ ಯಾರೂ ನನ್ನ ತಪ್ಪು ಹಿಡಿಯುತ್ತಿರಲಿಲ್ಲ. ಆದರೆ ಅಪ್ಪನನ್ನು ಸೋಲಿಸಿ ಮಗನ ಮದುವೆ ಮಾಡಿಸಿದರೆ ಆ ಒಂದೇ ಮನೆಯೊಳಗೆ ಇವರಿಬ್ಬರೂ ಹೇಗೆ ಬಾಳಬೇಕು?

ಇನ್ನೊಂದು ಸಂಗತಿ ನನ್ನನ್ನೇ ಚುಚ್ಚುತ್ತಿತ್ತು. ತಂದೆತಾಯಿಯನ್ನು ಸನ್ಮಾನಿಸಬೇಕೆಂಬ ಆಜ್ಞೆಯ ಮೇಲೆ ನಾನು ಎಷ್ಟು ಪ್ರಸಂಗ ಮಾಡಿದ್ದೆನೋ ಲೆಕ್ಕವಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಕೇಳದೆಯೇ ಆ ಮನುಷ್ಯನ ಹೆಸರನ್ನು ಸಭೆಯಲ್ಲಿ ಮೂರು ಸಲ ಓದಿದವನು ನಾನು. ನಾಚಿಕೆಯಾಯಿತು.

“ಯೋಹಾನಪ್ಪನವರ, ಮೊದಲನೇ ತಪ್ಪು ನಂದ್ರಿ. ನಿಮ್ಮನ್ನ ಕೇಳದನ ಚೀಟಿ ಇಸ್ಕೊಂಡೆ. ಕ್ಷಮಾ ಮಾಡ್ರಿ,” ಎಂದೆ. ಅವರು ಗಾಬರಿಯಾಗಿ ಎದ್ದೇಬಿಟ್ಟರು.

ಆಮೇಲೆ ಪ್ರಭಾಕರನಿಗೆ ಹೇಳಿದೆ: “ಅಪ್ಪ ಹೇಳಿಧಂಗ ಕೇಳೋದು ಸಣ್ಣಾಂವ ಇದ್ದಾಗಪಾ. ಈಗ ನಿನ್ನ ಬದುಕು ನಿಂದು. ಆದ್ರ ಅಪ್ಪಗ ಮಾನಾ ಕೊಡೋದು ಇಪ್ಪತ್ತೇಳಕ್ಕ ಮುಗಿಯಂಗಿಲ್ಲ, ಎಪ್ಪತ್ತಕ್ಕೂ ಮುಗಿಯಂಗಿಲ್ಲ. ಕಾನೂನು ನಿನ್ನ ಕಡೆ ಐತಿ. ಗುರುವಾರ ಮದವಿ ಮಾಡಸ್ರಿ ಅಂದ್ರ ಮಾಡಸ್ತೀನಿ. ಏನು ಮಾಡಲಿ, ನೀನ ಹೇಳು.”

ಚೀಟಿಯನ್ನು ಮೇಜಿನ ಮೇಲಿಟ್ಟೆ. ಪ್ರಭಾಕರ ಅದನ್ನು ಎತ್ತಿಕೊಂಡು ಹೋಗಿ ಅಪ್ಪನ ಕೈಗೆ ಕೊಟ್ಟ.

“ತಪ್ಪಾತಪಾ. ಈಸ್ಟರ್ ಆದಮ್ಯಾಲೆ ಮಾಡೂಣು. ನೀನ ತಂದು ಕೊಡು.” ಆಮೇಲೆ ಸತ್ಯಪ್ಪನವರ ಕಡೆ ತಿರುಗಿ, “ಮುಂಡರಗಿಗೆ ಬಂದು ಎಲ್ಲಾರ ಮುಂದ ನಾನ ಹೇಳ್ತೇನ್ರಿ ಮಾವಾರ, ಸುಳ್ಳು ಹೇಳಿದಾಂವ ನಾನ ಅಂತ,” ಎಂದ.

ಯೋಹಾನಪ್ಪ ಚೀಟಿಯನ್ನು ದೂರ ಹಿಡಿದು ಓದಿದರು. ಮಡಚಿದರು. ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

“ಈಸ್ಟರ್ ಯಾಕಲೇ? ಬೀಗರು ಚಪ್ಪರ ಹಾಕ್ಯಾರ. ತಗೋರಿ ಪಾಸ್ಟರ್, ನನ್ನ ಮಗನ ಮದವಿ ಚೀಟಿ.”

ಹುಡುಗ ಅಪ್ಪನ ಭುಜದ ಮೇಲೆ ಮುಖ ಇಟ್ಟು ಅತ್ತ. ನನ್ನ ಕಣ್ಣುಗಳೂ ಒದ್ದೆಯಾಗಿದ್ದವು, ಸುಳ್ಳೇಕೆ ಹೇಳಲಿ.

ಸಭೆಯಲ್ಲಿ ಎತ್ತಿದ ತಕರಾರನ್ನು ಸಭೆಯಲ್ಲೇ ಹಿಂತೆಗೆದುಕೊಳ್ಳಬೇಕು. ಸಂಜೆಯ ಪ್ರಾರ್ಥನೆಗೆ ಎಂದೂ ಬಾರದವರೂ ಅಂದು ಬಂದಿದ್ದರು. ಕುತೂಹಲಕ್ಕಿಂತ ದೊಡ್ಡ ಗಂಟೆ ಯಾವ ಚರ್ಚಿನಲ್ಲೂ ಇಲ್ಲ. ಇಸ್ತ್ರಿಯ ಕೋಟು ತೊಟ್ಟು ಯೋಹಾನಪ್ಪ ಎದ್ದು ನಿಂತರು. ‘ತಕರಾರಿಲ್ಲ’ ಎಂದರೆ ಸಾಕಿತ್ತು. ಅವರು ಹೇಳಿದ್ದು ಇಷ್ಟು: “ಗುರುವಾರ ನನ್ನ ಮಗನ ಮದವಿ ಐತ್ರಿ. ಎಲ್ಲಾರೂ ಬರ್ರಿ.”

ನಿವೃತ್ತನಾಗುವವರೆಗೆ ನಾನು ಒಂಟಿಯಾಗಿ ಬಂದ ಯಾವ ಮದುಮಗನ ಕೈಯಿಂದಲೂ ಚೀಟಿ ಇಸಿದುಕೊಳ್ಳಲಿಲ್ಲ. ಅಪ್ಪನನ್ನು ಕರೆದುಕೊಂಡು ಬಾ, ಅಪ್ಪನಿಲ್ಲದಿದ್ದರೆ ಅವ್ವನನ್ನು ಕರೆದುಕೊಂಡು ಬಾ ಎನ್ನುತ್ತಿದ್ದೆ. ಎಲ್ಲ ತಂದೆಯರೂ ಯೋಹಾನಪ್ಪ ಆಗಿರುವುದಿಲ್ಲ. ವಿನಾಕಾರಣ ಅಡ್ಡ ಬಂದವರಿದ್ದಾರೆ, ಅಂಥವರ ಮಾತು ಮೀರಿ ನಾನೇ ಮದುವೆ ಮಾಡಿಸಿದ್ದೂ ಉಂಟು. ಆಗಲೂ ಮೊದಲು ಅವರ ಮನೆಗೆ ಹೋಗಿ, ಮಗನನ್ನು ಎದುರಿಗೆ ಕೂರಿಸಿ, ಅವರನ್ನು ಕೇಳಿದ್ದೇನೆ. ಕೇಳಿ ಮೀರಿದ್ದೇವೆ, ಕೇಳದೆ ಮೀರಿಲ್ಲ.